ನಡುಮನೆಗೆ ಬಂದ ಅನುದಾನ

ಇಳಿಮಧ್ಯಾಹ್ನದ ಹೊತ್ತಿನಲ್ಲಿ ಹೋಟೆಲಿಗೆ ಹೋದವನು ತನಗೇನು ಬೇಕು ಎಂದು ಹೇಳಬಾರದು, ಏನಿದೆ ಎಂದು ಕೇಳಬೇಕು. ಇಡ್ಲಿ ಎಂದರೆ ಮುಗಿದಿದೆ ಎನ್ನುತ್ತಾರೆ, ಪೂರಿ ಎಂದರೆ ಇನ್ನೂ ಆಗಿಲ್ಲ ಎನ್ನುತ್ತಾರೆ. ಕೊನೆಗೆ ಬೆಳಗಿನ ಬೋಂಡಾವನ್ನೇ ತಿಂದು, ಅದಕ್ಕಾಗಿಯೇ ಬಂದವರ ಹಾಗೆ ಮುಖ ಮಾಡಿಕೊಂಡು ಹೊರಬೀಳುತ್ತೇವೆ. ಸರ್ಕಾರದ ಅನುದಾನವೂ ಹೆಚ್ಚುಕಡಿಮೆ ಹೀಗೆಯೇ ಎಂದು ನನಗೆ ತಿಳಿಯುವ ಹೊತ್ತಿಗೆ ನಮ್ಮ ಮನೆಯ ಸೋಫಾ ಮಲಗುವ ಕೋಣೆ ಸೇರಿತ್ತು, ಮಂಚ ಗೋಡೆಗೆ ಒರಗಿ ನಿಂತಿತ್ತು, ಮತ್ತು ಬಾಗಿಲಿಗೆ ‘ಸಾರ್ವಜನಿಕ ಧನಸಹಾಯದಿಂದ ಸ್ಥಾಪಿತವಾದ ಆಹಾರ ಸಂಸ್ಕರಣಾ ಘಟಕ’ ಎಂಬ ಫಲಕ ಬಿದ್ದಿತ್ತು. ಇದರಲ್ಲಿ ಸರ್ಕಾರದ ತಪ್ಪೇನೂ ಇಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟರು. ನಾನು ಕೇಳಿದ್ದೇನು ಎಂಬುದು ನನಗೇ ಗೊತ್ತಿರಲಿಲ್ಲ, ಅಷ್ಟೆ.

ಆಗ ನಾನು ಮೈಸೂರಿನಿಂದ ಹೈದರಾಬಾದಿಗೆ ಬಂದು ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ಕಂಪನಿಗಳು ಬೀದಿಬೀದಿಯಲ್ಲಿ ಹುಟ್ಟುತ್ತಿದ್ದ ಕಾಲ ಅದು. ರಜೆಗೆ ಊರಿಗೆ ಹೋಗುವಾಗ ಬಂಡೆಯಿದ್ದ ಜಾಗದಲ್ಲಿ ವಾಪಸು ಬರುವಾಗ ಗಾಜಿನ ಕಟ್ಟಡದ ಪಾಯ ಕಾಣುತ್ತಿತ್ತು. ಸಾಫ್ಟ್‌ವೇರ್ ಎಂದ ಕೂಡಲೇ ನಾನು ಪ್ರೋಗ್ರಾಂ ಬರೆಯುತ್ತಿದ್ದೆ ಎಂದುಕೊಳ್ಳಬೇಡಿ. ಅದನ್ನು ಬರೆಯುವವರು ಬೇರೆ ಇದ್ದರು. ಅವರು ಬರೆದದ್ದು ಏನೆಂದು ಗಿರಾಕಿಗಳಿಗೆ ವಿವರಿಸಿ ಬರೆಯುವುದು ನನ್ನ ಕೆಲಸ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ನಾನು ಪೀಠಿಕೆ, ಉದ್ದೇಶ, ವ್ಯಾಪ್ತಿ, ಮುನ್ನೆಚ್ಚರಿಕೆ ಎಲ್ಲ ಬರೆದು, ಓದಿದವನು ಗುಂಡಿ ಒತ್ತಲು ಹೆದರುವಂತೆ ಮಾಡುತ್ತಿದ್ದೆ. ಇದಕ್ಕಾಗಿ ಕಂಪನಿಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಸಾಲ ಮಾಡಿ ಆಫೀಸಿಗೆ ಹತ್ತಿರದಲ್ಲೇ ಎರಡನೆಯ ಮಹಡಿಯಲ್ಲಿ ಒಂದು ಫ್ಲ್ಯಾಟನ್ನೂ ಕೊಂಡಿದ್ದೆ.

ನನ್ನ ಹೆಂಡತಿ ಸುನಂದಾ ಕಲಬುರಗಿ ಕಡೆಯವಳು. ಅವಳ ತಾಯಿಯ ತಂಗಿ ಶಾಂತಾಬಾಯಿ, ಅಂದರೆ ಚಿಗವ್ವ, ಸುಲ್ತಾನ್ ಬಜಾರಿನ ಹಿಂದೆ ಹಳೆಯ ಮನೆಯೊಂದರ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದು, ತಮ್ಮ ಕಡೆಯ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಚಿಗವ್ವನಿಗೆ ಮಾತೂ ಜೋರು, ಆಸೆಯೂ ಜೋರು. ಮಾದಾಪುರದಲ್ಲಿ ಕೆಲಸ ಮಾಡುವ ಧಾರವಾಡ, ಬಾಗಲಕೋಟೆ ಕಡೆಯ ಹುಡುಗರು ಖಡಕ್ ರೊಟ್ಟಿ ಕಂಡರೆ ಕಣ್ಣು ತುಂಬಿಕೊಳ್ಳುತ್ತಾರೆ ಎಂದು ಕಂಡುಕೊಂಡವರು ಅವರೇ. ಆದರೆ ಆ ರೊಟ್ಟಿಯನ್ನು ಅಲ್ಲಿಂದ ಇಲ್ಲಿಗೆ ತರುವುದೇ ದೊಡ್ಡ ಪಾಡಾಗಿತ್ತು. ಬುಟ್ಟಿಗೂ ಟಿಕೆಟ್ ತೆಗೆಸುತ್ತಿದ್ದ ಕಂಡಕ್ಟರ್, ಬುಟ್ಟಿಗೆ ಒರಗಿ ನಿದ್ದೆ ಮಾಡುವ ಪ್ರಯಾಣಿಕರು, ಪ್ರತಿ ಹಳ್ಳಕ್ಕೂ ಕುಪ್ಪಳಿಸುವ ಬಸ್ಸು, ಇವನ್ನೆಲ್ಲ ದಾಟಿ ಬರುವಾಗ ರೊಟ್ಟಿ ಅರ್ಧಕ್ಕರ್ಧ ಚೂರಾಗಿರುತ್ತಿತ್ತು. ಚೂರನ್ನು ಮೊಸರಿನಲ್ಲಿ ನೆನೆಸಿ ತಿಂದರೆ ರುಚಿ ಹೆಚ್ಚು ಎಂದು ಚಿಗವ್ವ ಹುಡುಗರನ್ನು ನಂಬಿಸಿದ್ದರು. ಇದರ ಮೇಲೆ, ನಸುಕಿನಿಂದ ರೊಟ್ಟಿ ಬಡಿಯುವ ಸಪ್ಪಳಕ್ಕೆ ತಲೆನೋವು ಬರುತ್ತದೆ ಎಂದು ಮನೆಯ ಮಾಲೀಕರು ಜಾಗ ಖಾಲಿ ಮಾಡಲು ಹೇಳಿಬಿಟ್ಟಿದ್ದರು. ರೊಟ್ಟಿ ನಿಂತರೆ ಮೂವರ ಸಂಸಾರವೂ ನಿಲ್ಲುತ್ತಿತ್ತು. ಊರಲ್ಲೆಲ್ಲ ಬಾಡಿಗೆ ಏರುತ್ತಿದ್ದ ಆ ದಿನಗಳಲ್ಲಿ, ಬಡಿಯುವ ಸಪ್ಪಳಕ್ಕೆ ಒಪ್ಪುವ ಇನ್ನೊಬ್ಬ ಮಾಲೀಕನನ್ನು ಹುಡುಕುವುದು ಸಣ್ಣ ಮಾತಾಗಿರಲಿಲ್ಲ.

ಆಗಲೇ ಚಿಗವ್ವ ಒಂದು ಸುದ್ದಿ ತಂದರು. ಸ್ಥಳೀಯ ಆಹಾರ ಸಂಸ್ಕರಣೆಗೆ, ಹಂಚಿಕೆಗೆ ಬೇಕಾದ ಸೌಕರ್ಯ ಕಲ್ಪಿಸಿಕೊಳ್ಳಲು ಸರ್ಕಾರ ಅನುದಾನ ಕೊಡುತ್ತದಂತೆ. ಚಿಗವ್ವನಿಗೆ ಬೇಕಾಗಿದ್ದದ್ದು ಇಷ್ಟೇ: ಯಾರೂ ಗೊಣಗದಂಥ ಒಂದು ಶೆಡ್ಡು, ರೊಟ್ಟಿ ಬೇಯಿಸಲು ನಾಲ್ಕು ದೊಡ್ಡ ಹಂಚು, ರೊಟ್ಟಿ ಸಾಗಿಸಲು ಒಂದು ಆಟೋ. ಅವರು ನಮ್ಮ ನಡುಮನೆಯ ಸೋಫಾದ ಮೇಲೆ ಕೂತು, “ಅಳಿಯಂದ್ರ, ನೀವು ದಿನಾ ಕಂಪನ್ಯಾಗ ಬರಿಯೂದು ಇದನ್ನ ಅಲ್ಲೇನ್ರಿ? ನಮ್ದೊಂದು ಅರ್ಜಿ ಬರದುಕೊಡ್ರಿ. ನಾವು ಬರದ್ರ ಯಾರು ಓದ್ತಾರ?” ಎಂದರು. ಹೆಂಡತಿಯ ಕಡೆಯವರು ನನ್ನ ಉದ್ಯೋಗವನ್ನು ಉದ್ಯೋಗವೆಂದು ಒಪ್ಪಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಅವರೆಲ್ಲ, ಸುನಂದಾಳ ಗಂಡನಿಗೆ ಕಂಪ್ಯೂಟರ್ ಬರುವುದಿಲ್ಲ, ಟೈಪಿಂಗ್ ಮಾತ್ರ ಬರುತ್ತದೆ ಎಂದು ತಿಳಿದಿದ್ದರು. ನಾನು ಉಬ್ಬಿಹೋದೆ.

ಇಲಾಖೆಯಿಂದ ತಂದ ನಿಯಮಗಳನ್ನು ಓದಿದಾಗ ಅದರಲ್ಲಿ ಶೆಡ್ಡು ಇರಲಿಲ್ಲ, ಹಂಚಿನ ಸುದ್ದಿಯಂತೂ ಇರಲೇ ಇಲ್ಲ. ಹಂಚು ಎಂಬುದು ಆಹಾರ ಸಂಸ್ಕರಣೆಯ ಉಪಕರಣವೆಂದು ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಆಟೋ ಕೂಡ ಇರಲಿಲ್ಲ. ತಂಪು ವಾಹನ ಇತ್ತು, ಆದರೆ ಅದನ್ನು ಮೊದಲು ನಾವೇ ಕೊಂಡು, ಆಮೇಲೆ ಹಣ ಕೇಳಬೇಕಿತ್ತು. ಕೊಳ್ಳುವ ಶಕ್ತಿ ಇದ್ದವನು ಅರ್ಜಿ ಏಕೆ ಹಾಕುತ್ತಾನೆ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ನಿಯಮ ಬರೆದವರೂ ನನ್ನ ಕಸುಬಿನವರೇ ಎಂಬ ಗೌರವದಿಂದ ಸುಮ್ಮನಾದೆ. ಇದ್ದದ್ದು ಸ್ವಯಂಚಾಲಿತ ಯಂತ್ರ ಮತ್ತು ಶೀತಲ ಸಂಗ್ರಹ. ಶೀತಲ ಸಂಗ್ರಹವನ್ನೂ ಕೇಳಿದವರಿಗೆ ಆದ್ಯತೆ ಎಂದು ಬರೆದಿತ್ತು. ಖಡಕ್ ರೊಟ್ಟಿಯ ಹಿರಿಮೆಯೇ ಅದು ಹೊರಗಿಟ್ಟರೂ ಕೆಡದೆ ಇರುವುದು; ಫ್ರಿಜ್ಜಿನಲ್ಲಿಟ್ಟರೆ ಮೆತ್ತಗಾಗಿ ಹಪ್ಪಳದ ಹಿಟ್ಟಿನಂತಾಗುತ್ತದೆ. ಆದರೂ ನಾನು ‘ಒಣ ಆಹಾರದ ಶೀತಲ ಸರಪಳಿ’ ಎಂಬ ಅಧ್ಯಾಯವನ್ನು ಬರೆದೆ. ಎರಡು ಸಲ ಓದಿದ ಮೇಲೆ ನನಗೇ ಅದು ನಿಜವೆನ್ನಿಸತೊಡಗಿತು. ರೊಟ್ಟಿಗೆ ‘ಸಾಂಪ್ರದಾಯಿಕ ಸಿರಿಧಾನ್ಯ ಆಧಾರಿತ ಚಪ್ಪಟೆ ಉತ್ಪನ್ನ’ ಎಂದು ಹೆಸರಿಟ್ಟೆ. ಓದಿ ಹೇಳಿದಾಗ ಚಿಗವ್ವ ಬಹಳ ಸಂತೋಷಪಟ್ಟು, ಅದರಲ್ಲಿ ರೊಟ್ಟಿಯ ಸುದ್ದಿ ಎಲ್ಲಿ ಬರುತ್ತದೆ ಎಂದು ಕೇಳಿದರು.

ಒಂದು ತೊಡಕು ಮಾತ್ರ ಉಳಿದಿತ್ತು. ಘಟಕದ ವಿಳಾಸ ಬೇಕು, ಆ ಜಾಗ ಅರ್ಜಿದಾರರದೋ ಅವರ ಹತ್ತಿರದ ಬಂಧುಗಳದೋ ಆಗಿರಬೇಕು. ಚಿಗವ್ವನ ಮಾಲೀಕರು ಸಹಿ ಹಾಕುವ ಮಾತೇ ಇರಲಿಲ್ಲ. ಸದ್ಯಕ್ಕೆ ನಮ್ಮ ಫ್ಲ್ಯಾಟಿನ ವಿಳಾಸ ಹಾಕಿದರಾಯಿತು, ಮಂಜೂರಾದ ಮೇಲೆ ಬದಲಾಯಿಸಿಕೊಳ್ಳಬಹುದು ಎಂದೆ. ಸುನಂದಾ ಅಡುಗೆಮನೆಯಿಂದ ಹೊರಗೆ ಬಂದು, “ಅರ್ಜಿ ಬರೀರಿ, ನಾ ಬ್ಯಾಡ ಅನ್ನಂಗಿಲ್ಲ. ಮನಿ ಅಡ್ರೆಸ್ ಹಾಕಬ್ಯಾಡ್ರಿ” ಎಂದಳು. ಇದು ಕೇವಲ ಒಂದು ಸಾಲಿನ ಔಪಚಾರಿಕತೆ ಎಂದು ನಾನು ಅವಳಿಗೆ ತಿಳಿಹೇಳಿದೆ. ಮದುವೆಯಾದ ಮೇಲೆ ನಾನು ಅವಳಿಗೆ ತಿಳಿಹೇಳಿದ ಸಂಗತಿಗಳನ್ನೆಲ್ಲ ಅವಳು ಮರೆತಿದ್ದಾಳೆ, ಇದೊಂದನ್ನು ಬಿಟ್ಟು.

ಅನುದಾನ ಮಂಜೂರಾಯಿತು. ಚಿಗವ್ವ ಪೇಢೆ ಹಂಚಿದರು. ನಾನು ಆಫೀಸಿನಲ್ಲಿ ನನ್ನ ಬರಹಕ್ಕೆ ಸರ್ಕಾರದ ಮನ್ನಣೆ ಸಿಕ್ಕಿತೆಂದು ಹೇಳಿಕೊಂಡು ತಿರುಗಿದೆ. ಹಣ ಕೈಗೆ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಬಂದದ್ದು ಲಾರಿ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಮುಂದೆ ನಿಂತ ಆ ಲಾರಿಯಿಂದ ನಾಲ್ಕೈದು ಜನ ಹಮಾಲರು ಮರದ ಪೆಟ್ಟಿಗೆಗಳನ್ನು ಇಳಿಸತೊಡಗಿದರು. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತರು. ತಿರುವಿನಲ್ಲಿ ಗೋಡೆಯ ಗಾರೆ ಉದುರಿತು. ಮೊದಲ ಮಹಡಿಯ ರಾವ್ ಗಾರು, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಪೆಟ್ಟಿಗೆ ಒಡೆದಾಗ ಒಂದರಲ್ಲಿ ರೊಟ್ಟಿ ಯಂತ್ರ ಇತ್ತು: ಈ ತುದಿಯಲ್ಲಿ ಹಿಟ್ಟಿನ ಉಂಡೆ ಹಾಕಿದರೆ ಒತ್ತಿ, ಚಲಿಸುವ ಪಟ್ಟಿಯ ಮೇಲೆ ಬೇಯಿಸಿ, ಆ ತುದಿಗೆ ರೊಟ್ಟಿಯನ್ನು ತಳ್ಳುವಂಥದ್ದು. ಉದ್ದದಲ್ಲಿ ಅದು ನಮ್ಮ ನಡುಮನೆಗೆ ಸರಿಸಮನಾಗಿತ್ತು. ಇನ್ನೊಂದರಲ್ಲಿ ಎರಡು ಬೀರುಗಳಷ್ಟು ಅಗಲದ ಫ್ರಿಜ್ಜು. ಹಮಾಲರು ಸಹಿ ಹಾಕಿಸಿಕೊಂಡು, ನೀರು ಕುಡಿದು, ನಮ್ಮ ಟೀವಿಯನ್ನು ಯಂತ್ರದ ಹಿಂದೆ ಶಾಶ್ವತವಾಗಿ ಬಿಟ್ಟು ಹೋದರು.

ವಿಳಾಸ ಬದಲಾಯಿಸಲು ನಾನು ಇಲಾಖೆಗೆ ಹೋದೆ. ಪರಿಶೀಲನೆಯಾಗದೆ ಯಂತ್ರವನ್ನು ಕದಲಿಸುವಂತಿಲ್ಲ ಎಂದರು. ಪರಿಶೀಲನೆಗೆ ಬನ್ನಿ ಎಂದರೆ, ಯಂತ್ರ ನಡೆಯುತ್ತಿದ್ದರೆ ಮಾತ್ರ ಬರುತ್ತೇವೆ ಎಂದರು. ಯಂತ್ರ ನಡೆಯಲು ಕಾರ್ಖಾನೆಗಳಿಗೆ ಕೊಡುವಂಥ ಕರೆಂಟು ಬೇಕಿತ್ತು. ಅದನ್ನು ಕೇಳಲು ವಿದ್ಯುತ್ ಕಚೇರಿಗೆ ಹೋದರೆ, ಇದು ವಾಸದ ಮನೆ, ಇಲ್ಲಿ ಯಂತ್ರವನ್ನೇ ಇಡುವಂತಿಲ್ಲ, ಮೊದಲು ಅದನ್ನು ಕದಲಿಸಿ ಎಂದರು. ಇಷ್ಟೂ ಜನ ನನ್ನೊಂದಿಗೆ ಬಹಳ ಮರ್ಯಾದೆಯಿಂದ ಮಾತಾಡಿದರು, ಒಬ್ಬರಂತೂ ಚಹಾ ತರಿಸಿದರು. ಅವರು ಹೇಳಿದ ಒಂದೊಂದು ಮಾತೂ ಬೇರೆಬೇರೆಯಾಗಿ ನೋಡಿದರೆ ನ್ಯಾಯವಾಗಿಯೇ ಇತ್ತು. ಇಲಾಖೆಯಿಂದ ಹೊರಡುವಾಗ ಒಬ್ಬ ಗುಮಾಸ್ತರು, ಗಡುವಿನೊಳಗೆ ಘಟಕ ಕೆಲಸ ಮಾಡದಿದ್ದರೆ ಅನುದಾನವನ್ನು ಜಾಗದ ಮಾಲೀಕರಿಂದ ವಸೂಲು ಮಾಡುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಜಾಗದ ಮಾಲೀಕ ನಾನೇ ಎಂದು ನೆನಪಾಗಲು ಬಸ್ ಸ್ಟಾಪಿನವರೆಗೆ ನಡೆಯಬೇಕಾಯಿತು.

ಯಂತ್ರದ ಜೊತೆ ಸಂಸಾರ ಮಾಡುವುದನ್ನು ನಾವು ಮೆಲ್ಲನೆ ಕಲಿತೆವು. ಸುನಂದಾ ಪಟ್ಟಿಯ ಮೇಲೆ ಬಟ್ಟೆ ಮಡಚಿಟ್ಟಳು, ಮಳೆಗಾಲದಲ್ಲಿ ಹಪ್ಪಳ ಒಣಹಾಕಿದಳು. ಬಂದ ಅತಿಥಿಗಳು ಯಂತ್ರದ ಆ ಬದಿ ಕೂತರೆ ನಾನು ಈ ಬದಿ ನಿಂತು, ಬ್ಯಾಂಕಿನ ಗುಮಾಸ್ತನ ಹಾಗೆ ಬಗ್ಗಿ ಮಾತಾಡಿಸುತ್ತಿದ್ದೆ. ಎಲ್ಲರಿಗಿಂತ ಸಂತೋಷವಾದದ್ದು ಚಿಗವ್ವನಿಗೆ. ಅವರಿಗೆ ಯಂತ್ರದ ಮೇಲೆ ಕಿಂಚಿತ್ತೂ ಬೇಸರವಿರಲಿಲ್ಲ. ಅದಕ್ಕೊಂದು ಕಸೂತಿಯ ಬಟ್ಟೆ ಹೊದಿಸಿ, ನೆಂಟರನ್ನು ಕರೆತಂದು ತೋರಿಸಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಆ ಫೋಟೊವನ್ನು ರೊಟ್ಟಿಯ ಕಟ್ಟಿಗೆ ಅಂಟಿಸಿದ ಮೇಲೆ ಮಾದಾಪುರದಲ್ಲಿ ಗಿರಾಕಿಗಳು ಹೆಚ್ಚಾದರು. ರೊಟ್ಟಿಯನ್ನು ಸುಲ್ತಾನ್ ಬಜಾರಿನಲ್ಲಿ ಕೈಯಿಂದಲೇ ಬಡಿಯುತ್ತಿದ್ದರು. ಆದರೆ ಯಂತ್ರದ್ದೆಂದು ನಂಬಿ ತಿಂದ ನಮ್ಮ ಇಂಜಿನಿಯರುಗಳು, ಏನೇ ಹೇಳಿ, ಈ ಹದ ಕೈಯಲ್ಲಿ ಬರುವುದಿಲ್ಲ ಎನ್ನುತ್ತಿದ್ದರು. ಬಾಗಿಲ ಫಲಕ ನೋಡಿದ ಹುಡುಗರು ಹೊತ್ತುಗೊತ್ತಿಲ್ಲದೆ ಗಂಟೆ ಒತ್ತಿ ರೊಟ್ಟಿ ಕೇಳತೊಡಗಿದರು. ರಾವ್ ಗಾರು ಸಂಘದ ಸಭೆ ಕರೆದು, ವಾಸದ ಕಟ್ಟಡದಲ್ಲಿ ಕಾರ್ಖಾನೆ ನಡೆಸುವವರ ವಿರುದ್ಧ ಠರಾವು ಮಾಡಿಸಿದರು. ಆದರೆ ಅವರ ಮಗಳ ನಿಶ್ಚಿತಾರ್ಥಕ್ಕೆ ತಂದ ಹೂವಿನ ಹಾರಗಳನ್ನು ಇಡಲು ಇಡೀ ಕಟ್ಟಡದಲ್ಲಿ ನಮ್ಮ ಫ್ರಿಜ್ಜು ಬಿಟ್ಟರೆ ಗತಿಯಿರಲಿಲ್ಲ. ಠರಾವನ್ನು ಅವರು ಮುಂದಿನ ಸಭೆಗೆ ದಾಟಿಸಿದರು.

ಕೊನೆಗೆ ಅತ್ತ ಚಿಗವ್ವ ಮನೆ ಖಾಲಿ ಮಾಡಬೇಕಾದ ಗಡುವೂ ಇತ್ತ ಇಲಾಖೆಯ ಗಡುವೂ ಒಟ್ಟಿಗೆ ಹತ್ತಿರವಾದವು. ಯಂತ್ರ ನಡೆಯುತ್ತಿದೆ ಎಂದು ಚಿಗವ್ವ ಧೈರ್ಯವಾಗಿ ಇಲಾಖೆಗೆ ಹೇಳಿಕಳಿಸಿದರು. ಅದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಮನೆಯ ಕರೆಂಟಿಗೆ ಯಂತ್ರದ ದೀಪಗಳು ಹತ್ತುತ್ತಿದ್ದವು, ಪಟ್ಟಿ ತಿರುಗುತ್ತಿತ್ತು, ಕಾದು ಬಿಸಿಯಾಗುತ್ತಿರಲಿಲ್ಲ, ಅಷ್ಟೆ. ಪರಿಶೀಲನೆಯ ದಿನ ಚಿಗವ್ವ ತಮ್ಮ ಇಬ್ಬರು ಹೆಂಗಸರನ್ನೂ ಹಂಚುಗಳನ್ನೂ ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ನಮ್ಮ ಅಡುಗೆಮನೆ ಹಿಡಿದರು. ನಾನು ವಿದ್ಯುತ್ತಿನ ತೊಡಕನ್ನು ವಿವರಿಸುವ ಒಂದು ಭಾಷಣವನ್ನು ಸಿದ್ಧ ಮಾಡಿಕೊಂಡಿದ್ದೆ. ನೀವು ದಯವಿಟ್ಟು ಬಾಯಿ ತೆರೆಯಬೇಡಿ ಎಂದು ಸುನಂದಾ ಹೇಳಿದಳು. ಫ್ಲ್ಯಾಟಿನ ಸಾಲದ ಮೇಲೆ ರೊಟ್ಟಿಯ ಸಾಲವೂ ಬಿದ್ದರೆ ಗತಿಯೇನು ಎಂಬ ಚಿಂತೆ ಒಂದು ಕಡೆ. ಚಿಗವ್ವನ ಮುಖ ಅಂದು ಸಪ್ಪಗಾಗಿದ್ದದ್ದು ಇನ್ನೊಂದು ಕಡೆ. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಅಧಿಕಾರಿ ಬಂದರು. ತೆಲುಗಿನವರು, ರಾಯಚೂರಿನ ಗಡಿಯಲ್ಲಿ ಕೆಲಸ ಮಾಡಿ ಒಂದಿಷ್ಟು ಕನ್ನಡ ಕಲಿತವರು. ನಡು ವಯಸ್ಸು, ಬಿಸಿಲಿನಲ್ಲಿ ಬೆಳಗಿನಿಂದ ಸುತ್ತಿದ ಆಯಾಸ. ಚಿಗವ್ವ ಗುಂಡಿ ಒತ್ತಿದರು. ದೀಪ ಹತ್ತಿತು, ಪಟ್ಟಿ ಗುಯ್ಯೆಂದು ತಿರುಗಿತು. ಒಳಗಿನಿಂದ ಆಗತಾನೇ ಬೇಯಿಸಿ ತಂದ ಒಂದು ರೊಟ್ಟಿಯನ್ನು ಅವರು ಈ ತುದಿಯಲ್ಲಿ ಇಟ್ಟರು. ಅದು ನಡುಮನೆಯ ಉದ್ದಕ್ಕೂ ನಿಧಾನವಾಗಿ ಸಾಗಿ ಆ ತುದಿಯಲ್ಲಿ ರೊಟ್ಟಿಯಾಗಿಯೇ ಹೊರಬಂದಿತು. ನಾವೆಲ್ಲ ಅದರ ಜೊತೆ ತಲೆ ತಿರುಗಿಸಿ ನೋಡಿದೆವು. ಅಧಿಕಾರಿ, ತಯಾರಿಕೆಯಲ್ಲಿ ನಷ್ಟ ಎಷ್ಟು ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ಏನೂ ಇಲ್ಲ ಸಾರ್, ಹಾಕಿದ್ದೆಲ್ಲ ಹಾಗೇ ಬರುತ್ತದೆ ಎಂದೆ. ಸುನಂದಾ ನನ್ನ ಕಾಲು ತುಳಿದಳು.

ಅಧಿಕಾರಿ ಪಟ್ಟಿಯ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಲ್ಲದೆ ಬರುತ್ತಿತ್ತು. ಚಿಗವ್ವ ಒಂದು ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಹಾಕಿ ಅವರ ಮುಂದಿಟ್ಟು, ಎಂದಿಲ್ಲದ ಮೆಲುದನಿಯಲ್ಲಿ, “ಸಾಹೇಬ್ರ, ಮಷೀನ್ ಕಾಯಂಗಿಲ್ರಿ. ನಮ್ಮ ಹಂಚು ಕಾಯ್ತೈತಿ. ಇಲ್ಲಿ ಬ್ಯಾಡ ಅಂದ್ರ ನಮಗ ಹೋಗಾಕ ಜಾಗ ಇಲ್ರಿ” ಎಂದರು. ಅಧಿಕಾರಿ ರೊಟ್ಟಿ ಮುರಿದು ತಿನ್ನತೊಡಗಿದರು. ಎರಡು ಮುಗಿದವು, ಇನ್ನೆರಡು ಬಂದವು. ಕೈ ತೊಳೆದುಕೊಂಡು ಬಂದು ಅವರು ನನಗೆ ಹೇಳಿದ್ದು ಇಷ್ಟು: “ಸಾರ್, ನಾನು ನೋಡಿದ ಯೂನಿಟ್ಟುಗಳಲ್ಲಿ ಎಲ್ಲಾ ಕಡೆ ಮಷೀನು ಐತಿ, ತಿಂಡಿ ಲೇದು. ಇಲ್ಲಿ ತಿಂಡಿ ಐತಿ. ನನ್ನ ಸರ್ವಿಸಿನಲ್ಲಿ ಇದೇ ಫಸ್ಟು.” ಯಂತ್ರ ತಿರುಗುತ್ತಿದೆ, ಆಹಾರ ತಯಾರಾಗುತ್ತಿದೆ ಎಂದು ಬರೆದುಕೊಂಡರು. ಎರಡೂ ಬೇರೆಬೇರೆಯಾಗಿ ನಿಜವೇ ಆಗಿತ್ತು. ನನ್ನ ಕಸುಬನ್ನು ಇಷ್ಟು ಚೆನ್ನಾಗಿ ಮಾಡುವವರನ್ನು ನಾನು ಆಫೀಸಿನಲ್ಲೂ ಕಂಡಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ಒಳ್ಳೆಯ ಮನುಷ್ಯರು ಉತ್ಸಾಹದಲ್ಲಿ ನಮ್ಮ ನಡುಮನೆಯನ್ನು ‘ಮಾದರಿ ಘಟಕ’ ಎಂದು ಶಿಫಾರಸು ಮಾಡಿಬಿಟ್ಟರು. ಮಾದರಿ ಘಟಕವನ್ನು ನೋಡಲು ಬೇರೆ ಜಿಲ್ಲೆಗಳಿಂದ ಜನ ಬರುತ್ತಾರೆ, ಆದ್ದರಿಂದ ಅದನ್ನು ಕದಲಿಸುವಂತಿಲ್ಲ. ದೊಡ್ಡವರೊಬ್ಬರು ಭೇಟಿ ಕೊಡುತ್ತಾರೆಂದು ಕಟ್ಟಡದ ಮುಂದಿನ ರಸ್ತೆಗೆ ರಾತ್ರೋರಾತ್ರಿ ಡಾಂಬರು ಬಿತ್ತು. ದೊಡ್ಡವರು ಬರಲಿಲ್ಲ, ರಸ್ತೆ ಉಳಿಯಿತು. ರಾವ್ ಗಾರು ಸಂಘದ ಸಭೆಯಲ್ಲಿ ನಮ್ಮನ್ನು ಕಟ್ಟಡದ ಹೆಮ್ಮೆ ಎಂದು ಹೊಗಳಿ, ಬೀದಿದೀಪಕ್ಕೂ ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿಕೊಂಡರು.

ಉಳಿದದ್ದನ್ನು ಸುನಂದಾ ಮತ್ತು ಚಿಗವ್ವ ಇಬ್ಬರೇ ಕೂತು ತೀರ್ಮಾನಿಸಿದರು. ನನಗೆ ಊಟದ ಹೊತ್ತಿಗೆ ತಿಳಿಸಿದರು. ಯಂತ್ರ ಇಲ್ಲಿಂದ ಹೊರಡುವುದಿಲ್ಲ. ರೊಟ್ಟಿಗೆ ಜಾಗ ಬೇಕು. ಗಿರಾಕಿಗಳು ಇಲ್ಲೇ ಇದ್ದಾರೆ. ಆದ್ದರಿಂದ ಚಿಗವ್ವ ಮತ್ತು ಅವರ ಹೆಂಗಸರು ಇಲ್ಲಿಗೆ ಬರುತ್ತಾರೆ, ನಾವು ಸುಲ್ತಾನ್ ಬಜಾರಿನ ಅವರ ಮನೆಗೆ ಹೋಗುತ್ತೇವೆ. ಸಾಫ್ಟ್‌ವೇರಿನವರು ಬಾಡಿಗೆಗೆ ಬರುತ್ತಾರೆಂದು ಕೇಳಿ ಆ ಮಾಲೀಕರ ತಲೆನೋವು ತಕ್ಷಣ ವಾಸಿಯಾಯಿತು, ಬಾಡಿಗೆಯೂ ಏರಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. “ಒಂದ ಸಾಲು ಬದಲಿ ಮಾಡೂದ್ರಿ, ಅಷ್ಟ” ಎಂದಳು ಸುನಂದಾ, ಸಾರು ಬಡಿಸುತ್ತ.

ಈಗ ನಾನು ದಿನಾ ಬೆಳಿಗ್ಗೆ ಸುಲ್ತಾನ್ ಬಜಾರಿನಿಂದ ಬಸ್ಸಿಗೆ ಜೋತುಬಿದ್ದುಕೊಂಡು ಮಾದಾಪುರಕ್ಕೆ ಬರುತ್ತೇನೆ. ಚಿಗವ್ವನ ವ್ಯಾಪಾರ ಬೆಳೆದು, ಯಾದಗಿರಿ ಕಡೆಯ ಇನ್ನೂ ಕೆಲವು ಹೆಂಗಸರು ಸೇರಿದ್ದಾರೆ. ಮೊನ್ನೆ ಸುನಂದಾ ರೊಟ್ಟಿ ತರಲು ಹೇಳಿದ್ದರಿಂದ ಆಫೀಸು ಮುಗಿಸಿ ಅಲ್ಲಿಗೆ ಹೋದೆ. ಬಾಗಿಲು ತೆರೆದ ಹೆಂಗಸು ನನ್ನನ್ನು ಹಿಂದೆ ನೋಡಿದವಳಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ, “ಒಳಗ ಬರಬ್ಯಾಡ್ರಿ, ಪಾಳಿ ಹಚ್ರಿ” ಎಂದು ಮೆಟ್ಟಿಲ ಕಡೆ ಕೈ ತೋರಿಸಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ. ಮುಂದಿದ್ದ ಹುಡುಗ, ಬೆಂಗಳೂರಿನವನಿರಬೇಕು, ಎಲ್ಲಿಂದ ಬರುತ್ತೀರಿ ಎಂದು ವಿಚಾರಿಸಿದ. ಸುಲ್ತಾನ್ ಬಜಾರಿನಿಂದ ಎಂದೆ. ಅವನು ನಿಜವಾಗಿಯೂ ಮರುಗಿದ.

“ಅಷ್ಟು ದೂರದಿಂದ ಯಾಕೆ ಒದ್ದಾಡ್ತೀರಾ ಸಾರ್? ಈ ಕಡೆನೇ ಒಂದು ಫ್ಲ್ಯಾಟ್ ತಗೊಂಡ್ಬಿಡಿ” ಎಂದ.

ನೋಡಬೇಕು ಎಂದು ಹೇಳಿ, ಸಾಲು ಸರಿದದ್ದರಿಂದ, ಒಂದು ಮೆಟ್ಟಿಲು ಮೇಲೆ ಹತ್ತಿದೆ.